ಔಷಧದೊಡನೆ ಕೊಡಬೇಕಾದ ಮಾತು

ಚೆನ್ನೈ ಕಡೆಯಿಂದ ಬರುವಾಗ ತಾಂಬರಂಗೆ ಮುನ್ನ ‘ತಾಂಬರಂ ಸ್ಯಾನಟೋರಿಯಂ’ ಎಂಬ ರೈಲು ನಿಲ್ದಾಣ ದೊರೆಯುತ್ತದೆ. ನಿತ್ಯವೂ ಹಾದುಹೋಗುವ ನಮಗೆ ಆ ಹೆಸರಿನ ಮೂಲ ನೆನಪಿಗೆ ಬಾರದು. 1928ರಲ್ಲಿ ಡಾ. ಚೌರಿ ಮುತ್ತು ಅವರು ಕ್ಷಯರೋಗಿಗಳಿಗಾಗಿ ಇಲ್ಲಿ ಆರೋಗ್ಯಧಾಮವೊಂದನ್ನು ಸ್ಥಾಪಿಸಿದರು. 1937ರಲ್ಲಿ ಸರ್ಕಾರವು ಅದನ್ನು ವಹಿಸಿಕೊಂಡಿತು. ಅಂದು ಕ್ಷಯಕ್ಕೆ ತಕ್ಕ ಔಷಧವಿರಲಿಲ್ಲ. ಶುದ್ಧವಾದ ಗಾಳಿ, ವಿಶ್ರಾಂತಿ, ಪುಷ್ಟಿಕರ ಆಹಾರ, ಶುಶ್ರೂಷೆ ಇವೇ ಚಿಕಿತ್ಸೆ.

ಔಷಧಗಳು ಬಂದ ಮೇಲೆ, 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯರೋಗ ಸಂಶೋಧನ ಕೇಂದ್ರವು ರೋಗಿಯು ಮನೆಯಲ್ಲಿದ್ದುಕೊಂಡೇ ಗುಣಹೊಂದಬಹುದೆಂದು ತೋರಿಸಿಕೊಟ್ಟಿತು. ಜಗತ್ತಿನ ಚಿಕಿತ್ಸಾಕ್ರಮವೇ ಬದಲಾಯಿತು. ಆದರೆ ಹೊಸ ಹೊಣೆಯೊಂದು ಹುಟ್ಟಿತು. ವಾರ್ಡಿನಲ್ಲಿ ಮಲಗಿರುವವನು ಎಲ್ಲಿಗೂ ಹೋಗನು. ಮನೆಯಿಂದ ಬರುವವನು ಬಾರದಿರಲೂಬಹುದು. ಅವನು ಮರಳಿ ಬರುವುದು ಬಹುಮಟ್ಟಿಗೆ ಔಷಧ ಕೊಡುವ ಕಿಟಕಿಯ ಹಿಂದಿರುವವರ ನಡತೆಯನ್ನು ಅವಲಂಬಿಸಿದೆ.

ರೋಗಿಗಳೇ ಅಜ್ಞಾನಿಗಳು, ಆಸ್ಪತ್ರೆಗೆ ಬರುವುದಿಲ್ಲ ಎಂದು ದೂರುವುದು ವಾಡಿಕೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು 1963ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯದನ್ನೇ ಹೇಳಿತು. ಹಳ್ಳಿಯ ಕ್ಷಯರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಚಿಕಿತ್ಸೆ ಅರಸಿ ಹೋಗಿದ್ದರು. ಬಹುಮಂದಿಗೆ ದೊರೆತದ್ದು ಕೆಮ್ಮಿನ ಔಷಧದ ಒಂದು ಸೀಸೆ. ಬಂದವನ ಮಾತನ್ನು ಕೇಳುವ ವ್ಯವಧಾನವೇ ಇರಲಿಲ್ಲ!

ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಕೆಲವೇ ವಾರಗಳಲ್ಲಿ ಕೆಮ್ಮು ತಗ್ಗಿ, ಹಸಿವು ಮರಳಿ, ರೋಗ ವಾಸಿಯಾಯಿತೆಂದು ರೋಗಿ ಭಾವಿಸುತ್ತಾನೆ. ರಿಫಾಂಪಿಸಿನ್ ಸೇವಿಸುವವನ ಮೂತ್ರ ಕಿತ್ತಳೆಗೆಂಪಾಗುತ್ತದೆ. ಅದರಿಂದ ಅಪಾಯವೇನೂ ಇಲ್ಲ. ಆದರೆ ಮೊದಲೇ ತಿಳಿಸದಿದ್ದರೆ ಅವನು ರಕ್ತವೆಂದು ಬೆದರಿ ಮಾತ್ರೆಯನ್ನೇ ಬಿಟ್ಟಾನು. ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು, ಔಷಧಕ್ಕೆ ಬಗ್ಗದಂತೆಯೂ ಆಗಬಹುದು. ಇದನ್ನು ತಿಳಿಸಲು ಅರ್ಧ ನಿಮಿಷ ಸಾಕು.

ಈ ನಗರದ ಉಡುಪಿ ಹೋಟೆಲುಗಳಲ್ಲಿ ಗಿರಾಕಿ ಕುಳಿತೊಡನೆ, ಏನು ಬೇಕೆಂದು ಕೇಳುವ ಮೊದಲೇ ನೀರಿನ ಲೋಟ ಬರುವುದುಂಟು. ಇಡ್ಲಿಗೆ ಬಂದವನಿಗೆ ಸಲ್ಲುವ ಆದರವು ಕೆಮ್ಮುತ್ತ ಬಂದವನಿಗೆ ಸಲ್ಲದಿದ್ದರೆ ಅದು ನಾಚಿಕೆಯ ಸಂಗತಿಯಲ್ಲವೇ?

ದುಬಾರಿಯಾದುದೇನೂ ಬೇಕಿಲ್ಲ. ರೋಗದ ಹೆಸರನ್ನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಕೂಗಬಾರದು. ರೋಗಿಯನ್ನು ಅವನ ಹೆಸರಿನಿಂದಲೇ ಕರೆಯಬೇಕು. ತಮಿಳು ಬಾರದವನೊಡನೆ ಅವನ ನುಡಿಯ ನಾಲ್ಕು ಮಾತಾಡಬೇಕು. ಈ ಊರಿನ ಕನ್ನಡಿಗರು ಇದರಲ್ಲಿ ನೆರವಾಗಬಲ್ಲರು. ಮುಂದೆ ಬರಬೇಕಾದ ದಿನವನ್ನು ಚೀಟಿಯಲ್ಲಿ ಬರೆದುದಲ್ಲದೆ ಬಾಯಲ್ಲೂ ಹೇಳಬೇಕು. ವಾರ ತಪ್ಪಿಸಿ ಬಂದವನನ್ನು “ಏಕೆ ಬರಲಿಲ್ಲ?” ಎಂದು ಗದರಿದರೆ ಮರುವಾರವೂ ಅವನು ಬಾರನು. “ಏನು ತೊಂದರೆಯಾಯಿತು?” ಎಂದು ಕೇಳಿದರೆ, ದಿನಗೂಲಿ ತಪ್ಪುವುದೋ, ಮಾತ್ರೆಯಿಂದ ವಾಂತಿಯಾಗುವುದೋ, ನಿಜವಾದ ಕಾರಣ ಹೊರಬರುತ್ತದೆ.