ಎಕ್ಸೆಲ್ ಶೀಟಿಗೆ ಸಿಗದ ಬಸ್ಸಾರಿನ ಲೆಕ್ಕ

ನಮ್ಮೂರು ಯಳಂದೂರು ತಾಲ್ಲೂಕಿನಲ್ಲಿದೆ. ಹಿತ್ತಲಲ್ಲಿ ನಿಂತರೆ ಬಿಳಿಗಿರಿರಂಗನ ಬೆಟ್ಟ ಕಾಣುತ್ತೆ. ಅಜ್ಜಿ, ಅಪ್ಪ, ಅವ್ವ, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, ಚಿಕ್ಕಪ್ಪ, ಚಿಕ್ಕಮ್ಮ ಸೇರಿ ಮನೆಯಲ್ಲಿ ಒಂಬತ್ತು ಜನ. ರಾಗಿ, ಹುರುಳಿ ಹೊಲದಲ್ಲೇ ಆಗುತ್ತೆ. ಉಳಿದ ದಿನಸಿ, ಹಾಲು, ತರಕಾರಿಗೆ ನಾನು ಬೆಂಗಳೂರಿನಿಂದ ತಿಂಗಳಿಗೆ 12 ಸಾವಿರ ಕಳಿಸ್ತೀನಿ. ಬಾಡಿಗೆ, ಓದಿನ ಸಾಲದ ಕಂತು ಕಳೆದರೆ ಅದಕ್ಕಿಂತ ಹೆಚ್ಚು ಕಷ್ಟ. ನಾನು ತೆರಿಗೆ ಕಟ್ಟುವವನು, ಹಾಗಾಗಿ ಮನೆಗೆ ಬಿಪಿಎಲ್ ಕಾರ್ಡೂ ಇಲ್ಲ.

2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ಎಲ್ಲರೂ ಅದನ್ನೇ ಮಾತಾಡಿದ್ವಿ. ಆಮೇಲೆ ಟೊಮೆಟೊ ಇಳಿಯಿತು. ಆದರೆ ತೊಗರಿಬೇಳೆ ಏರಿತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಡುಗೆ ಎಣ್ಣೆಯ ಆಮದು ಸುಂಕ ಹೆಚ್ಚಿಸಿತು. 2025ರ ಏಪ್ರಿಲ್‌ನಿಂದ ನಂದಿನಿ ಹಾಲು ಲೀಟರ್‌ಗೆ 4 ರೂಪಾಯಿ ಜಾಸ್ತಿಯಾಯ್ತು. ನನ್ನ 12 ಸಾವಿರ ಮಾತ್ರ ಅಲ್ಲೇ ನಿಂತಿತ್ತು. ಅವ್ವ ಒಂದು ದಿನವೂ ‘ಸಾಲಲ್ಲ’ ಅನ್ನಲಿಲ್ಲ.

ಮೇ ತಿಂಗಳಲ್ಲಿ ಹದಿನೈದು ದಿನ ಊರಿಂದಲೇ ಕೆಲಸ ಮಾಡಿದೆ. ಚಟ ಬಿಡುತ್ತಾ? ಮನೆ ಖರ್ಚನ್ನೆಲ್ಲ ಎಕ್ಸೆಲ್‌ಗೆ ಹಾಕಿದೆ. ತಿಂಗಳಿಗೆ 6 ಕಿಲೋ ಬರ್ತಿದ್ದ ಬೇಳೆ 3 ಕಿಲೋಗೆ ಇಳಿದಿತ್ತು. ಅಷ್ಟರಲ್ಲಿ ಬೇಳೆ ಬೆಲೆ ಕಡಿಮೆಯಾಗಿದ್ದರೂ, ಉಳಿದ ದುಡ್ಡು ಎಣ್ಣೆಗೆ, ಹಾಲಿಗೆ ಹೋಗ್ತಿತ್ತು.

“ಬೇಳೆ ಅರ್ಧ ಆಗೈತಲ್ಲವ್ವ?”

“ಬಸ್ಸಾರು ಮಾಡಿದ್ರೆ ಆಯ್ತು ಕನ ಮಗ.”

ಹಿಡಿ ಬೇಳೆ, ಒಂದು ಕಟ್ಟು ಸೊಪ್ಪು ಬೇಯಿಸಿ ಬಸಿದರೆ, ಬಸಿದ ನೀರು ಖಾರ ಸೇರಿ ಸಾರಾಗುತ್ತೆ, ಮಿಕ್ಕಿದ್ದು ಒಗ್ಗರಣೆ ಬಿದ್ದು ಪಲ್ಯ ಆಗುತ್ತೆ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ. ಎಷ್ಟು ಚೆನ್ನಾಗಿದೆ ಅಂದ್ಕೊಂಡೆ. ತಲೆಗೆ 333 ಗ್ರಾಂ ಬೇಳೆ ಅಂತ ಶೀಟಲ್ಲಿ ಬರೆದೆ.

ಮೂರನೇ ದಿನ ಆಫೀಸ್ ಕಾಲ್ ಮುಗಿಸಿ ತಡವಾಗಿ ಊಟಕ್ಕೆ ಹೋದೆ. ಅವ್ವ, ಅತ್ತಿಗೆ, ಚಿಕ್ಕಮ್ಮ ಆಗ ತಾನೇ ಕೂತಿದ್ದರು. ಗಂಡಸರು, ಮಕ್ಕಳು ಉಂಡಾಗಿತ್ತು. ಪಲ್ಯದ ಪಾತ್ರೆ ಖಾಲಿ. ಅವರ ತಟ್ಟೆಯಲ್ಲಿ ಮುದ್ದೆ ಮತ್ತು ತಿಳಿ ಸಾರು. ಬೇಳೆ ಎಲ್ಲ ಪಲ್ಯದಲ್ಲಿತ್ತು, ಪಲ್ಯ ನಮ್ಮ ಹೊಟ್ಟೆಯಲ್ಲಿತ್ತು. ನನ್ನ 333 ಗ್ರಾಂ ಬರೀ ಸರಾಸರಿ.

ಆ ವಾರವೇ ಸುಸ್ತು ಅಂತ ಅತ್ತಿಗೆ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 8.9. ಇದು ಅವರೊಬ್ಬರ ಕತೆಯಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಅಕ್ಕಿಯೊಂದೇ ಸಾಲದು ಅನ್ನೋದು ಸರ್ಕಾರಕ್ಕೂ ಗೊತ್ತಾಗಿದೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ, ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿ ಬದಲು ಬೇಳೆ, ಎಣ್ಣೆ ಇರುವ ಕಿಟ್ ಕೊಡಲು ಒಪ್ಪಿತು.

ನಾವೇನು ಮಾಡಿದ್ವಿ? ಹುರುಳಿಯನ್ನೆಲ್ಲ ಮಾರುವ ಬದಲು ಒಂದು ಮೂಟೆ ಮನೆಗೆ ಇಟ್ಟುಕೊಂಡ್ವಿ. ಅದರಲ್ಲೂ ತೊಗರಿಯಷ್ಟೇ, 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ವಾರಾಂತ್ಯದ ಆನ್‌ಲೈನ್ ಊಟ ಬಿಟ್ಟು ನಾನು 1,500 ರೂಪಾಯಿ ಜಾಸ್ತಿ ಕಳಿಸ್ತಿದ್ದೀನಿ, ಅದು ಮೊಟ್ಟೆಗೆ. ಅತ್ತಿಗೆಗೆ ಡಾಕ್ಟರ್ ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಸೊಪ್ಪಿನ ಜೊತೆ ನಿಂಬೆಹಣ್ಣು ಇರಲಿ, ಊಟ ಆದ ಕೂಡಲೇ ಟೀ ಬೇಡ ಅಂದರು.

ಕಷ್ಟ ಆಗಿದ್ದು ಒಟ್ಟಿಗೆ ಕೂರೋದು. ಅಜ್ಜಿಗೆ ಸರಿ ಬರಲಿಲ್ಲ. “ಬಡ್ಸೋರು ಯಾರು ಮತ್ತೆ?” ಅಂದರು. ಕೊನೆಗೆ ಅಣ್ಣನೇ ಪಾತ್ರೆಗಳನ್ನ ತಂದು ನಡುವೆ ಇಟ್ಟ. ಮೊದಲ ದಿನ ಪಲ್ಯ ಎಲ್ಲರಿಗೂ ಸಾಲಲಿಲ್ಲ. ಆದರೆ ಸಾಲಲಿಲ್ಲ ಅನ್ನೋದು ಅವತ್ತು ಅಪ್ಪನ ಕಣ್ಣಿಗೂ ಬಿತ್ತು. ಮಾರನೇ ದಿನ ಅವರೇ ಅಂಗಡಿಯಿಂದ ಒಂದು ಕಿಲೋ ಬೇಳೆ ತಂದರು.

ಆಗಸ್ಟ್‌ನಲ್ಲಿ ಅತ್ತಿಗೆಯ ಹಿಮೋಗ್ಲೋಬಿನ್ 10.8 ಆಗಿತ್ತು. ಇನ್ನೂ ಏರಬೇಕು.

ನೀವೂ ಊರಿಗೆ ದುಡ್ಡು ಕಳಿಸೋರಾದರೆ, ರಾತ್ರಿ ಫೋನಲ್ಲಿ ‘ಊಟ ಆಯ್ತಾ?’ ಅಂತಷ್ಟೇ ಕೇಳಿ ಬಿಡಬೇಡಿ. ಅದಕ್ಕೆ ಅವ್ವಂದಿರು ಯಾವಾಗಲೂ ‘ಆಯ್ತು’ ಅಂತಲೇ ಹೇಳ್ತಾರೆ. ‘ಏನು ಉಂಡೆ?’ ಅಂತ ಕೇಳಿ.