ಫಾರ್ಮ್ಯಾಟ್ ಮಾಡಿಸಬೇಡಿ, ಕಡತಗಳೆಲ್ಲ ಅಲ್ಲೇ ಇವೆ

ಕಪ್ಪು ಪರದೆ. ಎಡಮೂಲೆಯಲ್ಲಿ ಬಿಳಿ ಅಕ್ಷರದ ಮೂರು ಸಾಲು: ‘ಎರರ್: ನೋ ಸಚ್ ಪಾರ್ಟಿಶನ್’, ‘ಎಂಟರಿಂಗ್ ರೆಸ್ಕ್ಯೂ ಮೋಡ್’, ಕೊನೆಗೆ ‘ಗ್ರಬ್ ರೆಸ್ಕ್ಯೂ’ ಎಂದು ಬರೆದು ಮುಂದೆ ಮಿಣುಕುವ ಒಂದು ಗೆರೆ. ನಿನ್ನೆ ಸಂಜೆವರೆಗೂ ಚೆನ್ನಾಗಿದ್ದ ಕಂಪ್ಯೂಟರು ಇವತ್ತು ಬೆಳಿಗ್ಗೆ ಹೀಗೆ ನಿಂತುಬಿಟ್ಟಿದೆ ಎಂದುಕೊಳ್ಳಿ. ನಿನ್ನೆ ರಾತ್ರಿ ನೀವು ಅದರಲ್ಲಿದ್ದ ಲಿನಕ್ಸನ್ನು ಅಳಿಸಿದ್ದೀರಿ. ಹಾಗಾದರೆ ಹೆದರಬೇಡಿ. ವಿಂಡೋಸ್ ಹೋಗಿಲ್ಲ, ಫೋಟೋ ಹೋಗಿಲ್ಲ, ಹಾರ್ಡ್ ಡಿಸ್ಕ್ ಕೆಟ್ಟಿಲ್ಲ. ಮನೆಯೊಳಗಿನ ಸಾಮಾನೆಲ್ಲ ಇದ್ದಲ್ಲೇ ಇದೆ, ಬಾಗಿಲು ತೆಗೆಯುವ ಆಳು ಮಾತ್ರ ಇಲ್ಲ.

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಸುತ್ತ ಎಲ್ಲ ಕೋಚಿಂಗ್ ಕ್ಲಾಸುಗಳು, ಬಾಡಿಗೆ ರೂಮುಗಳು, ಓದುವ ಮಕ್ಕಳು. ಇಂಜಿನಿಯರಿಂಗ್ ಹುಡುಗರು ಲ್ಯಾಬಿಗೆ ಬೇಕೆಂದು ಉಬುಂಟು ಎಂಬ ಲಿನಕ್ಸ್ ಹಾಕಿಕೊಳ್ಳುತ್ತಾರೆ, ಸೆಮಿಸ್ಟರ್ ಮುಗಿದ ಮೇಲೆ ಜಾಗ ಸಾಲದೆಂದು ತೆಗೆಯುತ್ತಾರೆ. ಡಿಟಿಪಿ ಮಾಡುವವರು ಕುತೂಹಲಕ್ಕೆ ಹಾಕಿ ನೋಡುತ್ತಾರೆ. ಅವರ ಪೇಜ್‌ಮೇಕರ್ ಮತ್ತು ಹಳೆಯ ಕನ್ನಡ ಫಾಂಟುಗಳ ಕೆಲಸವೆಲ್ಲ ವಿಂಡೋಸಿನಲ್ಲಿ ಇರುವುದರಿಂದ ತಿಂಗಳೊಳಗೆ ಮರಳುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ ನಿಂತಿತು. ಅಲ್ಲಿಂದೀಚೆಗೆ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿ ನೋಡುವವರೂ ಇದ್ದಾರೆ, ಒಗ್ಗದೆ ತೆಗೆಯುವವರೂ ಇದ್ದಾರೆ. ಲಿನಕ್ಸ್ ಒಳ್ಳೆಯದು, ನಾನೇ ದಿನವೂ ಬಳಸುತ್ತೇನೆ. ತೆಗೆಯುವುದೂ ತಪ್ಪಲ್ಲ. ತೆಗೆದ ಮರುದಿನ ಏನಾಗುತ್ತದೆ ಎಂದು ಗೊತ್ತಿಲ್ಲದವರು ಅನುಭವಿಸುವ ಸಂಕಟ ಮಾತ್ರ ನನ್ನನ್ನು ಕಾಡುತ್ತದೆ.

ಸವದತ್ತಿ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ಕೆಎಎಸ್ ಪರೀಕ್ಷೆಗೆ ಓದುತ್ತಿದ್ದವಳು, ಕನ್ನಡದಲ್ಲೇ ಟೈಪು ಮಾಡಿಕೊಂಡ ವರ್ಷಗಳ ಟಿಪ್ಪಣಿ ಆ ಲ್ಯಾಪ್‌ಟಾಪಿನಲ್ಲಿತ್ತು. ಅಣ್ಣ ಹಾಕಿಕೊಟ್ಟಿದ್ದ ಉಬುಂಟು ಬೇಡವೆಂದು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಅದರ ಪಾರ್ಟಿಶನ್, ಅಂದರೆ ಡಿಸ್ಕಿನಲ್ಲಿ ಅದಕ್ಕೆಂದು ಬಿಟ್ಟಿದ್ದ ಭಾಗ, ಅಳಿಸಿದ್ದಾಳೆ. ಮಾಡಿದ್ದು ಅಷ್ಟೇ. ಬೇರೆ ಅಂಗಡಿಯೊಂದರಲ್ಲಿ ‘ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು, ಡೇಟಾ ಸಿಗುವ ಗ್ಯಾರಂಟಿ ಇಲ್ಲ’ ಎಂದಿದ್ದರಂತೆ. ‘ಸರ, ಎಲ್ಲಾ ಹೋತೇನ್ರಿ?’ ಎಂದು ಕೇಳುವಾಗ ಅವಳ ಗಂಟಲು ಕಟ್ಟಿತ್ತು. ಚಹಾ ತರಿಸಿ, ಅದು ಬರುವಷ್ಟರಲ್ಲಿ ವಿಂಡೋಸ್ ತೆರೆದುಕೊಟ್ಟೆ. ಅಕ್ಷರವೊಂದೂ ಅಳಿಸಿರಲಿಲ್ಲ. ಫಾರ್ಮ್ಯಾಟಿಗೆ ಅವಳು ಹೂಂ ಎಂದಿದ್ದರೆ ಮಾತ್ರ ಅಳಿಸಿಹೋಗುತ್ತಿತ್ತು.

ಯಾಕೆ ಹೀಗಾಗುತ್ತದೆ ಎನ್ನುವುದು ಕಷ್ಟದ ವಿಷಯವಲ್ಲ. ಗುಂಡಿ ಒತ್ತಿದಾಗ ಕಂಪ್ಯೂಟರಿಗೆ ವಿಂಡೋಸ್ ಎಂಬುದೊಂದಿದೆ ಎಂದೇ ಗೊತ್ತಿರುವುದಿಲ್ಲ. ಹಳೆಯ ಪದ್ಧತಿಯ ಯಂತ್ರದಲ್ಲಿ ಮದರ್‌ಬೋರ್ಡಿನ ಬಯೋಸ್ ಎಂಬ ತಂತ್ರಾಂಶ ಎದ್ದು, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದುತ್ತದೆ. ಇದಕ್ಕೆ ಮಾಸ್ಟರ್ ಬೂಟ್ ರೆಕಾರ್ಡ್ ಎಂದು ಹೆಸರು, ನಮ್ಮ ಬಾಯಲ್ಲಿ ಎಂಬಿಆರ್. 1983ರಲ್ಲಿ ಪಿಸಿ ಡಾಸ್ 2.0 ಜೊತೆಗೆ ಬಂದ ಏರ್ಪಾಡು ಇದು. ಆ 512ರಲ್ಲಿ 446 ಬೈಟು ಆರಂಭದ ಪ್ರೋಗ್ರಾಮಿಗೆ, 64 ಬೈಟು ಪಾರ್ಟಿಶನ್ನುಗಳ ಪಟ್ಟಿಗೆ, ಉಳಿದ ಎರಡು ಬೈಟು ಗುರುತಿನ ಮುದ್ರೆಗೆ. ಲಿನಕ್ಸ್ ಹಾಕಿದಾಗ ಆ 446 ಬೈಟಿನ ಜಾಗದಲ್ಲಿ ವಿಂಡೋಸಿನ ಪ್ರೋಗ್ರಾಮ್ ಹೋಗಿ ಗ್ರಬ್ ಬಂದು ಕೂರುತ್ತದೆ. ಯಾವುದನ್ನು ತೆರೆಯಲಿ, ಉಬುಂಟುವೋ ವಿಂಡೋಸೋ ಎಂದು ಪಟ್ಟಿ ತೋರಿಸುವುದು ಇದೇ ಗ್ರಬ್.

ಅಷ್ಟು ಚಿಕ್ಕ ಜಾಗದಲ್ಲಿ ಇಡೀ ಗ್ರಬ್ ಹಿಡಿಸುವುದಿಲ್ಲ. ಮೊದಲ ತುಣುಕು ಅಲ್ಲಿರುತ್ತದೆ, ಎರಡನೆಯದು ಅದರ ಬೆನ್ನಿಗಿರುವ ಖಾಲಿ ಜಾಗದಲ್ಲಿ, ಮಿಕ್ಕ ಕಡತಗಳೆಲ್ಲ ಲಿನಕ್ಸಿನ ಪಾರ್ಟಿಶನ್ನಿನೊಳಗೆ. ನೀವು ಆ ಪಾರ್ಟಿಶನ್ ಅಳಿಸಿದಾಗ ಮೂರನೆಯ ಭಾಗ ಮಾಯವಾಗುತ್ತದೆ. ಮೊದಲೆರಡು ತುಣುಕು ಎಂದಿನಂತೆ ಎದ್ದು ಮೂರನೆಯದನ್ನು ಹುಡುಕುತ್ತವೆ, ಸಿಗುವುದಿಲ್ಲ. ‘ನೋ ಸಚ್ ಪಾರ್ಟಿಶನ್’ ಎಂಬ ಸಾಲಿನ ಅರ್ಥ ಇಷ್ಟೇ. ಖಾಲಿಯಾದ ಜಾಗದಲ್ಲಿ ವಿಂಡೋಸಿನ ಹೊಸ ಡ್ರೈವ್ ಮಾಡಿದ್ದರೆ ‘ಅನ್‌ನೋನ್ ಫೈಲ್‌ಸಿಸ್ಟಮ್’ ಎಂದು ಬರಬಹುದು. ಎರಡೂ ಒಂದೇ ಕಾಯಿಲೆ.

ಈಗಿನ ಯಂತ್ರಗಳು ಯುಇಎಫ್‌ಐ ಪದ್ಧತಿಯವು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಕೊಂಡ ಲ್ಯಾಪ್‌ಟಾಪುಗಳು ಹೆಚ್ಚಾಗಿ ಇವೇ. ಇಲ್ಲಿ ಕಥೆ ಸ್ವಲ್ಪ ಬೇರೆ, ಮತ್ತು ನಿಮ್ಮ ಮಟ್ಟಿಗೆ ಹಗುರ. ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಶನ್ ಎಂಬ ಪುಟ್ಟ ಭಾಗವಿರುತ್ತದೆ, ವಿಂಡೋಸ್ ಸಾಮಾನ್ಯವಾಗಿ ಅದಕ್ಕೆ 100 ಎಂಬಿ ಕೊಡುತ್ತದೆ. ಅದರೊಳಗೆ ಮೈಕ್ರೋಸಾಫ್ಟ್ ಎಂಬ ಫೋಲ್ಡರಿನಲ್ಲಿ ವಿಂಡೋಸಿನ ಆರಂಭದ ಕಡತ, ಉಬುಂಟು ಎಂಬ ಫೋಲ್ಡರಿನಲ್ಲಿ ಗ್ರಬ್. ಎರಡೂ ಪಕ್ಕಪಕ್ಕದಲ್ಲಿ ಇರುತ್ತವೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಯಾವುದನ್ನು ಮೊದಲು ಕರೆಯಬೇಕು ಎಂಬ ಸರದಿ ಮದರ್‌ಬೋರ್ಡಿನ ಸ್ಮೃತಿಯಲ್ಲಿರುತ್ತದೆ. ಲಿನಕ್ಸ್ ಅಳಿಸಿದ ಮೇಲೂ ಆ ಸರದಿಯಲ್ಲಿ ಉಬುಂಟುವೇ ಮೊದಲನೆಯದು. ಅದಕ್ಕೇ ಅನಾಥ ಗ್ರಬ್ ಎದ್ದು ಬರುತ್ತದೆ. ಆಗ ಪರದೆಯ ಮೇಲೆ ಸಾಮಾನ್ಯವಾಗಿ ಬರೀ ‘ಗ್ರಬ್’ ಎಂದಿರುತ್ತದೆ, ‘ರೆಸ್ಕ್ಯೂ’ ಇರುವುದಿಲ್ಲ.

ಹೀಗಿದ್ದರೆ ಮೊದಲ ಮದ್ದು ಬಹಳ ಸುಲಭ. ‘ಎಕ್ಸಿಟ್’ ಎಂದು ಟೈಪು ಮಾಡಿ ಎಂಟರ್ ಒತ್ತಿ. ಅನೇಕ ಲ್ಯಾಪ್‌ಟಾಪುಗಳು ಅಷ್ಟಕ್ಕೇ ಸರದಿಯಲ್ಲಿರುವ ಮುಂದಿನದಕ್ಕೆ, ಅಂದರೆ ವಿಂಡೋಸಿಗೆ, ಹೋಗುತ್ತವೆ. ಹೋಗದಿದ್ದರೆ ಯಂತ್ರ ಆರಿಸಿ, ಮತ್ತೆ ಹಚ್ಚುವಾಗ ಬೂಟ್ ಮೆನುವಿನ ಕೀಲಿಯನ್ನು ಬಿಟ್ಟುಬಿಟ್ಟು ಒತ್ತುತ್ತಿರಿ: ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಬರುವ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಕಂಡರೆ ಅದನ್ನು ಆರಿಸಿ. ವಿಂಡೋಸ್ ತೆರೆದುಕೊಂಡಿತೇ? ಇನ್ನು ಬಯೋಸ್ ಸೆಟಪ್ಪಿಗೆ ಹೋಗಿ ಬೂಟ್ ಆರ್ಡರಿನಲ್ಲಿ ಅದನ್ನೇ ಮೇಲಕ್ಕೆ ತಂದು ಸೇವ್ ಮಾಡಿದರೆ ಕೆಲಸ ಮುಗಿಯಿತು. ಸವದತ್ತಿಯ ಹುಡುಗಿಯ ಲ್ಯಾಪ್‌ಟಾಪಿಗೆ ನಾನು ಮಾಡಿದ್ದು ಇದಕ್ಕಿಂತ ಹೆಚ್ಚೇನಲ್ಲ. ಇಎಫ್‌ಐ ಪಾರ್ಟಿಶನ್ನಿನಲ್ಲಿ ಉಳಿದ ಉಬುಂಟು ಫೋಲ್ಡರ್ ಕೆಲವೇ ಎಂಬಿಯದು, ಇದ್ದರೆ ತೊಂದರೆಯಿಲ್ಲ. ಅದನ್ನು ತೆಗೆಯಲು ಹೋಗಿ ಪಕ್ಕದ ಮೈಕ್ರೋಸಾಫ್ಟ್ ಫೋಲ್ಡರನ್ನು ಅಳಿಸಿಕೊಂಡವರಿದ್ದಾರೆ. ಅಭ್ಯಾಸವಿಲ್ಲದವರು ಅದರ ಗೊಡವೆಗೆ ಹೋಗದಿರುವುದೇ ಲೇಸು.

ಬೂಟ್ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ, ಅಥವಾ ಯಂತ್ರ ಹಳೆಯ ಎಂಬಿಆರ್ ಪದ್ಧತಿಯದಾಗಿದ್ದರೆ, ವಿಂಡೋಸಿನ ಇನ್‌ಸ್ಟಾಲೇಶನ್ ಪೆನ್‌ಡ್ರೈವ್ ಬೇಕು. 8 ಜಿಬಿಯ ಪೆನ್‌ಡ್ರೈವ್ ಸಾಕು. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್ ಉಚಿತ, ಸ್ನೇಹಿತರ ಕಂಪ್ಯೂಟರಿನಲ್ಲಿ ಮಾಡಿಕೊಳ್ಳಬಹುದು. ಪೆನ್‌ಡ್ರೈವಿನಿಂದ ಎದ್ದಾಗ ‘ಇನ್‌ಸ್ಟಾಲ್ ನೌ’ ಒತ್ತಬಾರದು. ‘ರಿಪೇರ್ ಯುವರ್ ಕಂಪ್ಯೂಟರ್’ ಎಂಬ ಆಯ್ಕೆ ಹುಡುಕಿ. ಅಲ್ಲಿಂದ ಟ್ರಬಲ್‌ಶೂಟ್, ಆಮೇಲೆ ಕಮಾಂಡ್ ಪ್ರಾಂಪ್ಟ್.

ಹಳೆಯ ಯಂತ್ರಕ್ಕೆ ಒಂದೇ ಆದೇಶ, ಊರಿನವರಿಗೆ ಫೋನಿನಲ್ಲಿ ಹೇಳುವಂತೆಯೇ ಹೇಳುತ್ತೇನೆ: ‘ಬೂಟ್‌ರೆಕ್’, ಒಂದು ಜಾಗ ಬಿಟ್ಟು ಸ್ಲ್ಯಾಶ್, ಅದಕ್ಕೆ ಅಂಟಿಕೊಂಡು ‘ಫಿಕ್ಸ್‌ಎಂಬಿಆರ್’. ಇದು ಗ್ರಬ್ಬನ್ನು ತೆಗೆದು ವಿಂಡೋಸಿನ ಆರಂಭದ ಪ್ರೋಗ್ರಾಮನ್ನು ಮರಳಿ ಬರೆಯುತ್ತದೆ. ಪಾರ್ಟಿಶನ್ನುಗಳ ಪಟ್ಟಿಯನ್ನು ಮುಟ್ಟುವುದಿಲ್ಲ, ಹಾಗಾಗಿ ಭಯ ಬೇಡ.

ಯುಇಎಫ್‌ಐ ಯಂತ್ರಕ್ಕೆ ಈ ಆದೇಶದಿಂದ ಏನೂ ಉಪಯೋಗವಿಲ್ಲ. ಆದರೂ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅದಾದ ಮೇಲೆ ‘ಫಿಕ್ಸ್‌ಬೂಟ್’ ಕೊಡಿಸುತ್ತಾರೆ, ಅದು ‘ಆಕ್ಸೆಸ್ ಈಸ್ ಡಿನೈಡ್’ ಎನ್ನುತ್ತದೆ, ಅಲ್ಲಿಗೆ ಜನ ಕೈಚೆಲ್ಲುತ್ತಾರೆ. ಇಲ್ಲಿ ಬೇಕಾದ್ದು ಬಿಸಿಡಿಬೂಟ್. ಮೊದಲು ‘ಡಿಸ್ಕ್‌ಪಾರ್ಟ್’ ತೆರೆದು ‘ಲಿಸ್ಟ್ ವಾಲ್ಯೂಮ್’ ಎನ್ನಿ. ಪಟ್ಟಿಯಲ್ಲಿ ಫ್ಯಾಟ್32 ಎಂದಿರುವ 100 ಎಂಬಿಯ ಆಸುಪಾಸಿನದೇ ಇಎಫ್‌ಐ ಪಾರ್ಟಿಶನ್. ಪೆನ್‌ಡ್ರೈವ್ ಕೂಡ ಫ್ಯಾಟ್32 ಎಂದು ತೋರಿಸುತ್ತದೆ, ಗಾತ್ರ ನೋಡಿ ಗುರುತಿಸಿ. ಇಎಫ್‌ಐ ಪಾರ್ಟಿಶನ್ನನ್ನು ‘ಸೆಲೆಕ್ಟ್ ವಾಲ್ಯೂಮ್’ ಎಂದು ಅದರ ಸಂಖ್ಯೆ ಕೊಟ್ಟು ಆರಿಸಿ, ‘ಅಸೈನ್ ಲೆಟರ್’ ಸಮ ‘ಎಸ್’ ಎಂದು ಕೊಟ್ಟು ಹೊರಬನ್ನಿ. ಈಗ: ‘ಬಿಸಿಡಿಬೂಟ್’, ಜಾಗ, ಸಿ, ಕೋಲನ್, ಬ್ಯಾಕ್‌ಸ್ಲ್ಯಾಶ್, ‘ವಿಂಡೋಸ್’, ಜಾಗ, ಸ್ಲ್ಯಾಶ್ ಎಸ್, ಜಾಗ, ಎಸ್ ಕೋಲನ್, ಜಾಗ, ಸ್ಲ್ಯಾಶ್ ಎಫ್, ಜಾಗ, ಯುಇಎಫ್‌ಐ. ಕಡತಗಳು ಹೊಸದಾಗಿ ತಯಾರಾದವು ಎಂಬ ಒಂದು ಸಾಲು ಬರುತ್ತದೆ. ಒಂದು ಎಚ್ಚರಿಕೆ: ಪೆನ್‌ಡ್ರೈವಿನಿಂದ ಎದ್ದಾಗ ಡ್ರೈವುಗಳ ಅಕ್ಷರ ಅದಲುಬದಲಾಗಿರಬಹುದು. ನಿಮ್ಮ ಸಿ ಡ್ರೈವ್ ಅಲ್ಲಿ ಡಿ ಆಗಿ ಕಾಣಬಹುದು. ವಿಂಡೋಸ್ ಫೋಲ್ಡರ್ ಎಲ್ಲಿದೆ ಎಂದು ‘ಡಿಐಆರ್’ ಕೊಟ್ಟು ನೋಡಿಕೊಂಡು ಆ ಅಕ್ಷರವನ್ನೇ ಹಾಕಿ.

ಇದಕ್ಕಿಂತ ದೊಡ್ಡ ಗಂಡಾಂತರ ಬಿಟ್‌ಲಾಕರ್ ಎಂಬ ವಿಂಡೋಸಿನ ಬೀಗ. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆ ಜೋಡಿಸಿದ ಕೂಡಲೇ ಡಿಸ್ಕು ತಾನಾಗಿಯೇ ಗೂಢಲಿಪಿಗೆ ತಿರುಗುತ್ತದೆ. ಬಳಸುವವರಿಗೆ ಅದು ಗೊತ್ತೇ ಇರುವುದಿಲ್ಲ. ಎಬ್ಬಿಸುವ ಸರದಿಯೋ ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೆಟ್ಟಿಂಗೋ ಬದಲಾದಾಗ ಅದು ಸಂಶಯಪಟ್ಟು 48 ಅಂಕಿಯ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆದರೆ ಆ ಕೀ ಸಿಗುತ್ತದೆ. ಯಾರ ಖಾತೆ ಎನ್ನುವುದೇ ನಮ್ಮಲ್ಲಿ ತೊಡಕು. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗನೋ ಸೋದರಮಾವನ ಮಗನೋ ತನ್ನ ಇಮೇಲ್ ಹಾಕಿ ಕೊಟ್ಟಿರುತ್ತಾನೆ. ವರ್ಷಗಳ ನಂತರ ಅವನ ಪಾಸ್‌ವರ್ಡ್ ಅವನಿಗೇ ನೆನಪಿರುವುದಿಲ್ಲ. ಕೀ ಇಲ್ಲದಿದ್ದರೆ ಆ ಡಿಸ್ಕಿನಿಂದ ಯಾರೂ ಏನನ್ನೂ ಓದಲಾರರು, ನಾನೂ ಕೈಮುಗಿಯುತ್ತೇನೆ. ಇದನ್ನು ಓದುತ್ತಿರುವವರು ಇವತ್ತೇ, ಯಂತ್ರ ಚೆನ್ನಾಗಿರುವಾಗಲೇ, ಆ ಕೀಯನ್ನು ಒಂದು ಹಾಳೆಯಲ್ಲಿ ಬರೆದು ಮಾರ್ಕ್ಸ್ ಕಾರ್ಡುಗಳ ಜೊತೆ ಇಡಿ.

ಉಲ್ಟಾ ಮಾಡುವವರೂ ಇದ್ದಾರೆ. ವಿಂಡೋಸ್ ತೆಗೆದು ಲಿನಕ್ಸ್ ಉಳಿಸಿಕೊಂಡವರ ಯಂತ್ರ ಎದ್ದರೂ ಒಂದೂವರೆ ನಿಮಿಷ ಸುಮ್ಮನೆ ಕಾಯುತ್ತದೆ, ಕೆಲವೊಮ್ಮೆ ‘ಎಮರ್ಜೆನ್ಸಿ ಮೋಡ್’ ಎಂದು ನಿಂತೇಬಿಡುತ್ತದೆ. ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಅಳಿಸಿದ ಡ್ರೈವಿನ ಗುರುತುಸಂಖ್ಯೆ ಉಳಿದಿರುವುದೇ ಕಾರಣ. ಆ ಸಾಲಿನ ಮುಂದೆ ಒಂದು ಹ್ಯಾಶ್ ಚಿಹ್ನೆ ಹಾಕಿದರೆ ಸರಿಹೋಗುತ್ತದೆ. ಲಿನಕ್ಸ್ ತೆಗೆದವರಿಗೆ ಗಡಿಯಾರ ಐದೂವರೆ ತಾಸು ಹಿಂದೆ ಕಂಡರೆ ಅದೂ ಕಾಯಿಲೆಯಲ್ಲ. ಲಿನಕ್ಸ್ ಮದರ್‌ಬೋರ್ಡಿನಲ್ಲಿ ಗ್ರೀನ್‌ವಿಚ್ ವೇಳೆ ಇಡುತ್ತದೆ, ವಿಂಡೋಸ್ ಅದನ್ನು ನಮ್ಮ ವೇಳೆ ಎಂದು ಓದುತ್ತದೆ. ಇಂಟರ್‌ನೆಟ್ಟಿಗೆ ಜೋಡಿಸಿ ‘ಸಿಂಕ್ ನೌ’ ಒತ್ತಿದರೆ ಮುಗಿಯಿತು.

ಇನ್ನೂ ತೆಗೆಯದವರಿಗೆ ಹೇಳುವುದು ಬೇರೆ. ಇಡೀ ಗೋಳು ಕೆಲಸದ ಕ್ರಮ ತಪ್ಪಿದ್ದರಿಂದ ಬರುತ್ತದೆ. ಮೊದಲು ಬಿಟ್‌ಲಾಕರ್ ಕೀ ಮತ್ತು ಮುಖ್ಯ ಕಡತಗಳ ಪ್ರತಿ. ಆಮೇಲೆ ಬೂಟ್ ಆರ್ಡರಿನಲ್ಲಿ ವಿಂಡೋಸನ್ನು ಮೇಲೆ ತಂದು, ಹಳೆಯ ಎಂಬಿಆರ್ ಯಂತ್ರವಾದರೆ ಮೇಲೆ ಹೇಳಿದ ಫಿಕ್ಸ್‌ಎಂಬಿಆರ್ ಆದೇಶ ಕೊಟ್ಟು, ಗ್ರಬ್ಬಿನ ಪಟ್ಟಿ ಬಾರದೆ ನೇರವಾಗಿ ವಿಂಡೋಸ್ ತೆರೆಯುತ್ತದೆಯೇ ಎಂದು ನೋಡಿ. ಹಾಗೆ ತೆರೆದ ಮೇಲೆ ಮಾತ್ರ ಲಿನಕ್ಸಿನ ಪಾರ್ಟಿಶನ್ನಿಗೆ ಕೈಹಾಕಿ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಲಿನಕ್ಸಿನ ಭಾಗಕ್ಕೆ ಹೆಸರೂ ಇರುವುದಿಲ್ಲ, ಅಕ್ಷರವೂ ಇರುವುದಿಲ್ಲ. ರಿಕವರಿ ಪಾರ್ಟಿಶನ್ ಕೂಡ ಅಕ್ಷರವಿಲ್ಲದೆ ಅದರ ಪಕ್ಕದಲ್ಲೇ ಇರಬಹುದು. ಎಷ್ಟು ಜಿಬಿ ಕೊಟ್ಟಿದ್ದಿರಿ ಎಂದು ನೆನಪು ಮಾಡಿಕೊಂಡು, ಗಾತ್ರ ತಾಳೆಯಾದದ್ದನ್ನೇ ಅಳಿಸಿ.

ನನ್ನಂತೆ ರಿಪೇರಿಯನ್ನೇ ನಂಬಿ ಬದುಕುವ ಗೆಳೆಯರಲ್ಲಿ ಒಂದು ಬೇಡಿಕೆ. ಫಾರ್ಮ್ಯಾಟ್ ಮಾಡುವುದು ಸುಲಭ, ಗಿರಾಕಿ ಹೂಂ ಎನ್ನುತ್ತಾನೆ, ದುಡ್ಡೂ ಸಿಗುತ್ತದೆ ಎಂಬುದು ನನಗೂ ಗೊತ್ತು. ಆದರೆ ಆ ಡಿಸ್ಕಿನಲ್ಲಿ ಒಬ್ಬರ ಪ್ರಬಂಧ, ಇನ್ನೊಬ್ಬರ ತೀರಿಹೋದ ತಾಯಿಯ ಫೋಟೋ, ಮತ್ತೊಬ್ಬರ ಅಂಗಡಿಯ ಲೆಕ್ಕ ಇರುತ್ತದೆ. ಒಂದು ಪೆನ್‌ಡ್ರೈವಿನಲ್ಲಿ ಉಬುಂಟು ಹಾಕಿ ಮೇಜಿನ ಖಾನೆಯಲ್ಲಿ ಇಟ್ಟುಕೊಳ್ಳಿ. ಅದನ್ನು ಇನ್‌ಸ್ಟಾಲ್ ಮಾಡದೆಯೇ ಚಾಲೂ ಮಾಡಬಹುದು, ವಿಂಡೋಸಿನ ಡ್ರೈವನ್ನು ಅದು ಓದುತ್ತದೆ. ಬಿಟ್‌ಲಾಕರ್ ಇಲ್ಲದಿದ್ದರೆ, ಅಥವಾ ಅದರ ಕೀ ಕೈಯಲ್ಲಿದ್ದರೆ, ಗಿರಾಕಿಯ ಕಣ್ಣೆದುರಿಗೇ ಕಡತಗಳನ್ನು ತೆರೆದು ತೋರಿಸಿ, ಬೇರೆ ಡಿಸ್ಕಿಗೆ ನಕಲು ಮಾಡಿಕೊಡಿ. ಆಮೇಲೆ ಬೂಟ್ ಸರಿಮಾಡಲು ಕೂರಿ. ಆ ಕೆಲಸಕ್ಕೆ ನ್ಯಾಯವಾದ ಕೂಲಿ ಕೇಳಿ, ಜನ ಸಂತೋಷದಿಂದ ಕೊಡುತ್ತಾರೆ.