‘ಫಿಷರ್’ ಎಂಬ ಪದವೂ ನಮ್ಮ ನೆಲದ ಬಿರುಕುಗಳೂ

ಕಳೆದ ಮಾಗಿಯ ಒಂದು ಸಂಜೆ ಬಿಳಿಕೆರೆಯ ಕಡೆಯ ಹಿರಿಯ ರೈತರೊಬ್ಬರು ನಮ್ಮಲ್ಲಿಗೆ ಬಂದು, ಬಹಳ ಹೊತ್ತು ಮಾತನಾಡದೆ ಕುಳಿತರು. ಕೊನೆಗೆ ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯಾಗಿದ್ದ ವೈದ್ಯರ ಚೀಟಿಯೊಂದನ್ನು ತೆಗೆದು, “ಬುದ್ಧಿ, ಇದರಲ್ಲಿ ಏನು ಬರೆದವ್ರೆ ನೋಡಿ. ಮನೇಲಿ ಯಾರಿಗೂ ತೋರಿಸಿಲ್ಲ” ಎಂದರು. ಇಂಗ್ಲಿಷಿನಲ್ಲಿ ಇದ್ದದ್ದು ಒಂದೇ ಪದ: ಫಿಷರ್. ಹೈಸ್ಕೂಲಿನಲ್ಲಿ ಓದುವ ಮೊಮ್ಮಗನನ್ನು ಉಪಾಯವಾಗಿ ಕೇಳಿದಾಗ ಅವನು ಆ ಉಚ್ಚಾರಣೆಗೆ ‘ಮೀನು ಹಿಡಿಯುವವನು’ ಎಂಬ ಅರ್ಥ ಹೇಳಿದನಂತೆ. ನಗೆ ಬಂದರೂ ನಗಲಾಗಲಿಲ್ಲ. ಏಕೆಂದರೆ ಆ ಮೂರು ವಾರಗಳಲ್ಲಿ ಯಜಮಾನರು ಅರ್ಧ ಕರಗಿಹೋಗಿದ್ದರು.

ಅವರ ಭಯಕ್ಕೆ ಮೂಲವಿತ್ತು. ಮೈಸೂರಿಗೆ ಹೋಗುವ ದಾರಿಯ ಗೋಡೆಗಳ ಮೇಲೆ ‘ಪೈಲ್ಸ್, ಫಿಷರ್, ಫಿಸ್ತುಲಾ’ ಎಂಬ ಮೂರು ಪದಗಳನ್ನು ಒಂದೇ ಉಸಿರಿನಲ್ಲಿ ಬರೆದಿರುವ ಫಲಕಗಳನ್ನು ಓದುಗರೆಲ್ಲರೂ ಕಂಡಿದ್ದೀರಿ. ಇವರ ನೆಂಟರೊಬ್ಬರು ಫಿಸ್ತುಲಾ ಎಂದು ಎರಡು ಬಾರಿ ಶಸ್ತ್ರಚಿಕಿತ್ಸೆಗೆ ಒಳಗಾದವರು. ತಮ್ಮದೂ ಅದೇ ಎಂದು ತಿಳಿದು ಇವರು ಜೋಡೆತ್ತನ್ನು ಮಾರುವ ಯೋಚನೆಗೂ ಬಂದಿದ್ದರು. ಬಹಿರ್ದೆಸೆಯ ನೋವಿಗೆ ಹೆದರಿ ಊಟವನ್ನು ತಗ್ಗಿಸಿದ್ದರು, ನೀರನ್ನೂ ತಗ್ಗಿಸಿದ್ದರು. ಅದರಿಂದಲೇ ಮಲವು ಇನ್ನಷ್ಟು ಗಟ್ಟಿಯಾಗಿ ನೋವು ಇಮ್ಮಡಿಯಾಗಿತ್ತು.

ಆ ಪದದ ಅರ್ಥ ಇಷ್ಟೆ: ಬಿರುಕು, ಕಿರಿದಾದ ಸೀಳು. ಮಲ ಗಟ್ಟಿಯಾಗಿ ಒತ್ತಡದಿಂದ ಹೊರಬರುವಾಗ ಗುದದ್ವಾರದ ಒಳಚರ್ಮ ಸೀಳುವುದುಂಟು. ಚಳಿಗಾಲದಲ್ಲಿ ಹಿಮ್ಮಡಿ ಒಡೆಯುತ್ತದಲ್ಲ, ಅಂಥದೇ ಒಡಕು ಅದು. ಆಯುರ್ವೇದದವರು ಇದನ್ನು ಪರಿಕರ್ತಿಕಾ ಎನ್ನುತ್ತಾರೆ. ಕತ್ತರಿಸಿದಂತೆ ನೋಯುವುದರಿಂದ ಆ ಹೆಸರು. ಪೈಲ್ಸ್ ಎಂಬುದು ಬೇರೆ, ಅದು ರಕ್ತನಾಳಗಳು ಊದಿಕೊಳ್ಳುವ ಮೂಲವ್ಯಾಧಿ, ಅರ್ಶಸ್ಸು. ಫಿಸ್ತುಲಾ ಎಂಬುದು ಲ್ಯಾಟಿನ್ ಭಾಷೆಯಲ್ಲಿ ಕೊಳವೆಗೆ ಇರುವ ಹೆಸರು; ಒಳಗಿನಿಂದ ಹೊರಚರ್ಮದವರೆಗೆ ಕೀವಿನ ಕೊಳವೆಯಾಗುವ ಈ ರೋಗವೇ ಭಗಂದರ, ಇದಕ್ಕೆ ಸಾಮಾನ್ಯವಾಗಿ ಶಸ್ತ್ರವೋ ಕ್ಷಾರಸೂತ್ರವೋ ಬೇಕಾಗುತ್ತದೆ. ಹೊಸದಾದ ಬಿರುಕು ಮಾತ್ರ ಬಹುಪಾಲು ತಾನೇ ಕೂಡಿಕೊಳ್ಳುತ್ತದೆ. ಸೊಪ್ಪು, ತರಕಾರಿ, ರಾಗಿಮುದ್ದೆ, ಸಾಕಷ್ಟು ನೀರು, ದಿನಕ್ಕೆ ಎರಡು ಮೂರು ಬಾರಿ ಬಿಸಿನೀರಿನ ತೊಟ್ಟಿಯಲ್ಲಿ ಕುಳಿತುಕೊಳ್ಳುವುದು, ವೈದ್ಯರು ಕೊಟ್ಟ ಮುಲಾಮು, ಇಷ್ಟು ಸಾಲುತ್ತದೆ. ಆರು ವಾರ ಮೀರಿಯೂ ಮಾಯದಿದ್ದರೆ ಮತ್ತೆ ವೈದ್ಯರಲ್ಲಿಗೆ ಹೋಗಬೇಕು. ವಯಸ್ಸಾದವರಿಗೆ ರಕ್ತ ಬೀಳುತ್ತಿದ್ದರೆ ಅದನ್ನು ಮೂಲವ್ಯಾಧಿಯೆಂದು ತಾವೇ ನಿಶ್ಚಯಿಸಿಕೊಂಡು ಸುಮ್ಮನಿರುವುದು ಸಲ್ಲದು, ಪರೀಕ್ಷೆ ಮಾಡಿಸಲೇಬೇಕು.

ಇದನ್ನು ಕೇಳಿದ ಯಜಮಾನರು, “ಬಿರುಕು ಅಂತ ಒಂದು ಮಾತು ಬರೆದಿದ್ರೆ ಆಗ್ತಿತ್ತಲ್ಲ ಬುದ್ಧಿ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅವರನ್ನು ಕಳುಹಿಸಿದ ಮೇಲೆ ಪದದ ಬೆನ್ನು ಹತ್ತಿದೆ. ಮಠದಲ್ಲಿ ಸಂಸ್ಕೃತ ಓದಿದವರಿಗೆ ಧಾತು ಹುಡುಕುವ ಚಟ ಹೋಗುವುದಿಲ್ಲ. ಫಿಷರ್ ಎಂಬುದರ ಮೂಲ ಲ್ಯಾಟಿನ್ನಿನ ‘ಫಿಂಡೆರೆ’, ಸೀಳು ಎಂಬ ಕ್ರಿಯಾಪದ. ಅದಕ್ಕೂ ನಮ್ಮ ‘ಭಿದ್’ ಧಾತುವಿಗೂ ಒಂದೇ ಮೂಲವೆಂದು ಭಾಷಾಶಾಸ್ತ್ರಜ್ಞರು ಸ್ಥಾಪಿಸಿದ್ದಾರೆ. ಎಂದರೆ ಭೇದ, ಭಿನ್ನ, ಭಿನ್ನಾಭಿಪ್ರಾಯ, ಮಕ್ಕಳ ಗಣಿತದ ಭಿನ್ನರಾಶಿ, ಬಿರುಕು ಬಿಟ್ಟ ಮೂರ್ತಿಯನ್ನು ‘ಭಿನ್ನವಾಯಿತು’ ಎನ್ನುವ ಮನೆಮಾತು, ಇವೆಲ್ಲ ಆ ವೈದ್ಯರ ಚೀಟಿಯ ಪದಕ್ಕೆ ದಾಯಾದಿಗಳು. ಪರಮಾಣು ಒಡೆಯುವುದಕ್ಕೆ 1939ರಲ್ಲಿ ಇಟ್ಟ ‘ಫಿಷನ್’ ಎಂಬ ಹೆಸರೂ ಅದೇ ಕುಲದ್ದು. ಕನ್ನಡದಲ್ಲಿ ಅದು ವಿದಳನವಾಯಿತು.

ಕನ್ನಡಕ್ಕೆ ಈ ವಿಷಯದಲ್ಲಿ ಬಡತನವಿಲ್ಲ. ಒಣಗಿ ತಾನಾಗಿ ಬಾಯಿ ಬಿಡುವುದು ಬಿರುಕು. ಬಲ ಹಾಕಿ ಉದ್ದಕ್ಕೆ ಒಡೆದದ್ದು ಸೀಳು. ಎರಡು ವಸ್ತುಗಳ ನಡುವೆ ಉಳಿದ ತೆರಪು ಸಂದು. ಅಲ್ಲಿ ಏನೂ ಒಡೆದಿರಬೇಕಾಗಿಲ್ಲ. ಬೇಕೆಂದೇ ಬಿಟ್ಟದ್ದು ಕಿಂಡಿ. ಒಡಕು ಮಡಕೆಗೂ ಉಂಟು, ಮನೆಗೂ ಉಂಟು. ಬಿರುಕಿನ ತಾಯಿಯಾದ ‘ಬಿರಿ’ ಎಂಬ ಕ್ರಿಯಾಪದವನ್ನು ನೋಡಿ: ನೆಲ ಬಿರಿಯುತ್ತದೆ, ಎದೆ ಬಿರಿಯುತ್ತದೆ, ಹೊಟ್ಟೆ ಬಿರಿಯುವಂತೆ ಉಣ್ಣುತ್ತೇವೆ, ಮೊಗ್ಗು ಬಿರಿದು ಹೂವಾಗುತ್ತದೆ. ತಮಿಳಿನಲ್ಲಿಯೂ ಹರಡು, ಅರಳು ಎಂಬ ಅರ್ಥದ ‘ವಿರಿ’ಯಿಂದಲೇ ಬಿರುಕಿನ ಪದ ಹುಟ್ಟಿದೆ. ಒಡೆಯುವುದಕ್ಕೂ ಅರಳುವುದಕ್ಕೂ ಒಂದೇ ಮಾತನ್ನು ಇಟ್ಟುಕೊಂಡ ಭಾಷೆ ನಮ್ಮದು. ಇಂಗ್ಲಿಷಿನ ಪದಕ್ಕೆ ಈ ಎರಡನೆಯ ಮುಖವಿಲ್ಲ.

ಭೂಮಿಯ ವಿಷಯದಲ್ಲಿಯೂ ವಿಜ್ಞಾನಿಗಳು ಇದೇ ಫಿಷರ್ ಪದವನ್ನು ಬಳಸುತ್ತಾರೆ. 1783ರಲ್ಲಿ ಐಸ್‌ಲೆಂಡಿನ ಲಾಕಿಯಲ್ಲಿ ಸುಮಾರು 27 ಕಿಲೋಮೀಟರ್ ಉದ್ದದ ಬಿರುಕಿನಿಂದ ಲಾವಾರಸ ಹರಿಯಿತು. ನಮ್ಮ ಬೀದರ್, ವಿಜಯಪುರ, ಬೆಳಗಾವಿಗಳ ಕಡೆಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅಂಥ ಬಿರುಕುಗಳಿಂದಲೇ ಉಕ್ಕಿ ಹರಡಿದ್ದೆಂದು ಹೇಳುತ್ತಾರೆ. ಅದು ದೂರದ ಮಾತಾಯಿತು. ಹತ್ತಿರದ್ದೆಂದರೆ ಕೊಳವೆಬಾವಿ. ನಮ್ಮ ಹುಣಸೂರು, ಪಿರಿಯಾಪಟ್ಟಣದ ನೆಲದಡಿ ಇರುವುದು ಗಟ್ಟಿ ಬಂಡೆ. ಬಂಡೆಯ ಮೈಯೊಳಗೆ ನೀರಿಲ್ಲ. ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ ಉಂಟು. ಒಬ್ಬನ ಹೊಲದಲ್ಲಿ ಚಿಮ್ಮಿದ ನೀರು ಹತ್ತು ಮಾರು ಆಚೆ ಬರೀ ಧೂಳಾಗುವುದು ಇದರಿಂದ. ಅಲ್ಲಿ ಕೊರೆಯುವ ಕಡ್ಡಿಗೆ ಬಿರುಕು ಸಿಕ್ಕಿತು, ಇಲ್ಲಿ ಸಿಗಲಿಲ್ಲ, ಅಷ್ಟೆ. ಸಾಲ ಮಾಡಿ ಮೂರನೆಯ ಬಾವಿ ಕೊರೆಸುವವರು ಭೂವಿಜ್ಞಾನ ಬಲ್ಲವರಿಂದ ಮೊದಲು ನೆಲ ಪರೀಕ್ಷೆ ಮಾಡಿಸುವುದು ಲೇಸು.

ಎರೆಭೂಮಿಯ ಬಿರುಕು ಮಾತ್ರ ಬೇರೆ ಬಗೆಯದು. ಆ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಮೊದಲ ಮಳೆ ಅಲ್ಲಿಂದಲೇ ಆಳಕ್ಕೆ ಇಳಿಯುತ್ತದೆ.

ಶಿವರಾತ್ರಿಗೆ ಮೊದಲು ಯಜಮಾನರು ಮತ್ತೆ ಬಂದಿದ್ದರು, ಈ ಸಲ ಸೊಸೆಯೊಡನೆ. ಸೊಸೆ ತಂದಿದ್ದ ಚೀಲದಲ್ಲಿ ಎರಡು ಕಟ್ಟು ದಂಟಿನ ಸೊಪ್ಪಿತ್ತು. “ದಿನಾ ಇದನ್ನೇ ತಿನ್ನಿಸ್ತಾವಳೆ ಬುದ್ಧಿ” ಎಂದು ದೂರಿದರು. ಎತ್ತುಗಳನ್ನು ಮಾರಿರಲಿಲ್ಲ.